ಐರ್ಲೆಂಡಿನ ಜನ ಧರ್ಮಸಭೆಯ ಮಾತನ್ನು ಏಕೆ ಕೇಳದಾದರು?

ಕ್ಯಾಥೊಲಿಕ್ ಕ್ರೈಸ್ತ ಧರ್ಮಸಭೆಯ (ಚರ್ಚಿನ) ಚರಿತ್ರೆಯಲ್ಲಿ ನನಗಿರುವ ಆಸಕ್ತಿಯನ್ನು ಬಲ್ಲವರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ‘ಧರ್ಮಸಭೆ ಕಾಲಕ್ಕೆ ತಕ್ಕಂತೆ ಬದಲಾಗಿದ್ದರೆ ಅದರ ಮಾತಿಗೆ ಇಂದೂ ಬೆಲೆ ಇರುತ್ತಿತ್ತಲ್ಲವೇ?’ ಹಾಗೆ ಕೇಳುವ ಕನ್ನಡಿಗರ ಮನಸ್ಸಿನಲ್ಲಿ ಸಾಮಾನ್ಯವಾಗಿ ಐರ್ಲೆಂಡ್ ಇರುತ್ತದೆ, ಅದಕ್ಕೆ ಕಾರಣ ಸವಿತಾ ಹಾಲಪ್ಪನವರ. ಬೆಳಗಾವಿಯಲ್ಲಿ ಬೆಳೆದ ಈ ದಂತವೈದ್ಯೆ, ತಮ್ಮ ಹದಿನೇಳು ವಾರಗಳ ಗರ್ಭ ಉಳಿಯದೆಂದು ತಿಳಿದ ಮೇಲೂ, ಭ್ರೂಣದ ಹೃದಯ ಬಡಿಯುತ್ತಿರುವಷ್ಟು ಕಾಲ ಗರ್ಭಪಾತ ಸಾಧ್ಯವಿಲ್ಲವೆಂಬ ಉತ್ತರ ಕೇಳಿ, 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ರಕ್ತ ನಂಜಾಗಿ ತೀರಿಕೊಂಡರು.

ಅವರಿಗೆ ಅಡ್ಡಬಂದ ಕಾನೂನಿನ ಬೇರು 1983ರ ಜನಮತಗಣನೆಯಲ್ಲಿದೆ. ಗರ್ಭಸ್ಥ ಶಿಶುವಿಗೆ ತಾಯಿಯಷ್ಟೇ ಜೀವದ ಹಕ್ಕಿದೆಯೆಂಬ ತಿದ್ದುಪಡಿಯನ್ನು ಅಂದು ಮತ ಹಾಕಿದವರಲ್ಲಿ ಶೇಕಡಾ 66.9ರಷ್ಟು ಜನ ಒಪ್ಪಿ ಸಂವಿಧಾನಕ್ಕೆ ಸೇರಿಸಿದರು. 2018ರ ಮೇ ತಿಂಗಳಲ್ಲಿ ಶೇಕಡಾ 66.4ರಷ್ಟು ಜನ ಅದನ್ನೇ ಕಿತ್ತುಹಾಕಿದರು. ಈ ಮೂವತ್ತೈದು ವರ್ಷಗಳಲ್ಲಿ ಗರ್ಭಪಾತವನ್ನು ವಿರೋಧಿಸುವ ಧರ್ಮಸಭೆಯ ಬೋಧನೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದೇ ಬೋಧನೆಗೆ ಒಮ್ಮೆ ತಲೆಬಾಗಿದ ದೇಶ ಇನ್ನೊಮ್ಮೆ ಬೆನ್ನು ತಿರುಗಿಸಿತೆಂದರೆ, ಬೋಧನೆ ಹಳೆಯದಾಯಿತೆಂಬ ಕಾರಣವೊಂದೇ ಸಾಲದು. ಶಿಕ್ಷಣ, ಹೆಂಗಸರ ದುಡಿಮೆ, ಹೊರದೇಶಗಳ ಒಡನಾಟ ಇವೆಲ್ಲ ತಮ್ಮ ಕೆಲಸ ಮಾಡಿದ್ದವು, ನಿಜ. ಆದರೆ ಕೃತಕ ಗರ್ಭನಿರೋಧವನ್ನು ಪೋಪ್ ಆರನೆಯ ಪೌಲರು 1968ರಲ್ಲಿ ನಿಷೇಧಿಸಿದಾಗಲೂ ಅನೇಕ ದಂಪತಿಗಳು ಸದ್ದಿಲ್ಲದೆ ತಮ್ಮ ದಾರಿ ಹಿಡಿದಿದ್ದರು, ಚರ್ಚಿನಲ್ಲಿ ನಡೆಯುವ ಭಾನುವಾರದ ಬಲಿಪೂಜೆಯನ್ನು ಮಾತ್ರ ಬಿಟ್ಟಿರಲಿಲ್ಲ; 1979ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಡಬ್ಲಿನ್‌ಗೆ ಬಂದಾಗ ಫೀನಿಕ್ಸ್ ಉದ್ಯಾನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ನೆರೆದಿದ್ದರು. ಭಿನ್ನಾಭಿಪ್ರಾಯವಿದ್ದೂ ಗೌರವ ಉಳಿದಿತ್ತು.

ಆ ಗೌರವವನ್ನು ಕೆಡಿಸಿದ್ದು ಏನೆಂದು ತಿಳಿಯಬೇಕಾದರೆ 2009ರ ನವೆಂಬರ್‌ನಲ್ಲಿ ಹೊರಬಂದ ಮರ್ಫಿ ಆಯೋಗದ ವರದಿಯನ್ನು ಓದಬೇಕು. ಮಕ್ಕಳ ಮೇಲೆ ಪಾದ್ರಿಗಳು ಎಸಗಿದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಡಬ್ಲಿನ್ ಮಹಾಧರ್ಮಪ್ರಾಂತ್ಯ (ಆರ್ಚ್‌ಬಿಷಪ್ ಆಡಳಿತದ ಪ್ರದೇಶ) ಹೇಗೆ ನಿಭಾಯಿಸಿತೆಂದು ತನಿಖೆ ಮಾಡಿದ ಈ ಆಯೋಗ, ಗೋಪ್ಯತೆ, ಹೆಸರು ಕೆಡದಂತೆ ನೋಡಿಕೊಳ್ಳುವುದು ಮತ್ತು ಆಸ್ತಿಯ ರಕ್ಷಣೆ, ಇವೇ ಅಲ್ಲಿ ಮುಖ್ಯವಾಗಿದ್ದವೆಂದು ಬರೆಯಿತು. ಇಂಥ ಪ್ರಕರಣಗಳಿಂದ ಬರಬಹುದಾದ ಪರಿಹಾರದ ಹೊರೆಗಾಗಿ ಮಹಾಧರ್ಮಪ್ರಾಂತ್ಯ 1987ರಲ್ಲಿಯೇ ವಿಮೆ ಮಾಡಿಸಿತ್ತು. ಗೊತ್ತೇ ಇರಲಿಲ್ಲವೆಂಬ ಸಮರ್ಥನೆ ಅಲ್ಲಿಗೆ ಬಿದ್ದುಹೋಗುತ್ತದೆ. ನನ್ನನ್ನು ಇನ್ನೂ ಹೆಚ್ಚು ಕಲಕಿದ್ದು ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ (ಆರ್ಚ್‌ಬಿಷಪ್) ಡೆಸ್ಮಂಡ್ ಕಾನೆಲ್ ಅವರ ವಿವರಣೆ. ಪರಿಹಾರ ಕೊಡಬೇಕಿದ್ದ ಪಾದ್ರಿಯೊಬ್ಬನಿಗೆ ಧರ್ಮಪ್ರಾಂತ್ಯದ ಹಣವನ್ನು ಸಾಲವಾಗಿ ನೀಡಲಾಗಿತ್ತು. ಆದರೂ ಅವರು ಪತ್ರಕರ್ತರಿಗೆ, ಪರಿಹಾರಕ್ಕೆಂದು ಧರ್ಮಪ್ರಾಂತ್ಯದ ಹಣವನ್ನು ಬಳಸುತ್ತಿಲ್ಲ ಎಂದಿದ್ದರು. ಅದು ಸುಳ್ಳಲ್ಲವಂತೆ, ಏಕೆಂದರೆ ಹಿಂದೆ ಬಳಸಿರಲಿಲ್ಲ ಎಂದು ಅವರು ಹೇಳಿರಲಿಲ್ಲವಂತೆ! ಸಣ್ಣ ಪಾಪಕ್ಕೂ ಪಾದ್ರಿಯ ಮುಂದೆ ಮೊಣಕಾಲೂರಿ ನಿವೇದನೆ ಮಾಡಿಕೊಂಡ ಜನರಿಗೆ ಇದನ್ನು ಓದುವಾಗ ಏನನ್ನಿಸಿರಬಹುದು?

ಹೀಗಾಗಿ ಮೇಲಿನ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’ ಎಂದೇ. ಪಕ್ಕದ ಇಂಗ್ಲೆಂಡಿನ, ಪೋಪರಿಗೆ ಒಳಪಡದ ಆಂಗ್ಲಿಕನ್ ಸಭೆ 1994ರಲ್ಲಿ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟಿತು, 2015ರಲ್ಲಿ ಅವರನ್ನು ಬಿಷಪ್ ಕೂಡ ಮಾಡಿತು. ಅದು ಸರಿಯಾದ ಕೆಲಸವೆಂದೇ ನಾನು ಎಣಿಸುತ್ತೇನೆ, ಆದರೆ ಅದರಿಂದ ಅಲ್ಲಿನ ಬೆಂಚುಗಳು ತುಂಬಲಿಲ್ಲ. ತಾನು ಇತರರಿಗೆ ವಿಧಿಸುವ ನಿಯಮಕ್ಕೆ ತಾನೂ ಒಳಪಡುವ ಸಂಸ್ಥೆಯ ಕಟು ಮಾತನ್ನೂ ಜನ ಸಹಿಸಿಕೊಳ್ಳುತ್ತಾರೆ.

ಇಷ್ಟಾದರೂ 2022ರ ಜನಗಣತಿಯಲ್ಲಿ ಐರ್ಲೆಂಡಿನ ಶೇಕಡಾ 69ರಷ್ಟು ಜನ ತಮ್ಮನ್ನು ಕ್ಯಾಥೊಲಿಕರೆಂದೇ ಬರೆಸಿದ್ದಾರೆ, ಮತ್ತು ಹತ್ತರಲ್ಲಿ ಸುಮಾರು ಒಂಬತ್ತು ಪ್ರಾಥಮಿಕ ಶಾಲೆಗಳು ಇಂದಿಗೂ ಧರ್ಮಸಭೆಯ ಪೋಷಣೆಯಲ್ಲಿವೆ. ದೀಕ್ಷಾಸ್ನಾನದ ಪ್ರಮಾಣಪತ್ರ ನೋಡಿ ಮಕ್ಕಳನ್ನು ಸೇರಿಸಿಕೊಳ್ಳುವ ಪದ್ಧತಿಯನ್ನು ಈ ಶಾಲೆಗಳಲ್ಲಿ 2018ರ ಕಾನೂನು ನಿಲ್ಲಿಸಿತಾದರೂ, ಶಾಲೆಗಳನ್ನು ಬೇರೆ ಆಡಳಿತಗಳಿಗೆ ಒಪ್ಪಿಸುವ ಕೆಲಸ ಬಹಳ ನಿಧಾನವಾಗಿ ಸಾಗಿದೆ. ಅಲ್ಲಿನ ಧರ್ಮಾಧ್ಯಕ್ಷರು ಈ ಹಸ್ತಾಂತರವನ್ನು ಎಷ್ಟು ಪ್ರಾಮಾಣಿಕವಾಗಿ ನಡೆಸುತ್ತಾರೆಂಬುದನ್ನು ನಾನು ಅವರ ಪ್ರಬೋಧನೆಗಳಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತಿದ್ದೇನೆ.