978 ಬಂದದ್ದನ್ನು 981 ಮಾಡಿದವರು

ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಸರಳ ಲೋಲಕದ (ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ) ಪ್ರಯೋಗ ಮಾಡಿದವರ ರೆಕಾರ್ಡ್ ಪುಸ್ತಕಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದರೆ, ಜಿ ಬೆಲೆ (ಭೂಮಿಯ ಸೆಳೆತಕ್ಕೆ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಸೆಂಟಿಮೀಟರಿನಷ್ಟು ಏರುತ್ತದೆ ಎಂಬ ಅಳತೆ) 979, 980, 981, 982 ಇಷ್ಟರಲ್ಲೇ ಸುತ್ತುತ್ತಿರುತ್ತದೆ. 963 ಬಂದವರೂ 1084 ಬಂದವರೂ ಲ್ಯಾಬಿನಲ್ಲಿ ಇದ್ದರು, ರೆಕಾರ್ಡಿನಲ್ಲಿ ಇರಲಿಲ್ಲ. ಪುಸ್ತಕದಲ್ಲಿ 981 ಎಂದು ಅಚ್ಚಾಗಿತ್ತು. ಅದು ಬರಬೇಕಿತ್ತು, ಆದ್ದರಿಂದ ಬರುತ್ತಿತ್ತು. ತಮಾಷೆಯೆಂದರೆ 981 ಲಂಡನ್ನಿನ ಬೆಲೆ. ಶಿವಮೊಗ್ಗ ಸಮಭಾಜಕದಿಂದ ಬರೀ 14 ಡಿಗ್ರಿ ಉತ್ತರಕ್ಕಿದೆ, ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಭೂಮಿ ನಡುವಿನಲ್ಲಿ ಉಬ್ಬಿರುವುದು, ತನ್ನ ಸುತ್ತ ತಿರುಗುತ್ತಿರುವುದು, ಈ ಎತ್ತರ, ಎಲ್ಲ ಸೇರಿ ಇಲ್ಲಿಯ ಲೆಕ್ಕ 978ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸರಿಯಾಗಿ ಅಳೆದು 978 ಪಡೆದವನು ರಬ್ಬರ್ ತೆಗೆದು ಅದನ್ನು 981 ಮಾಡುತ್ತಿದ್ದ. ನಿಜವನ್ನು ಅಳಿಸಿ ತಪ್ಪನ್ನು ಬರೆದು ಹತ್ತಕ್ಕೆ ಹತ್ತು ತೆಗೆದುಕೊಳ್ಳುವ ಏರ್ಪಾಡು ಅದು.

ಅದೇ ಪ್ರಯೋಗವನ್ನು ಈಗ ಮಾಡುತ್ತಿರುವ ತಮ್ಮ ತಂಗಿಯರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತೂಗುಬಿಂದುವಿನಿಂದ ಗುಂಡಿನ ಮಧ್ಯದವರೆಗೆ 100 ಸೆಂಟಿಮೀಟರ್ ಇದ್ದರೆ ಒಂದು ಆಂದೋಲನಕ್ಕೆ 2.009 ಸೆಕೆಂಡ್, 20 ಆಂದೋಲನಕ್ಕೆ 40.2. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳು 0.2 ಸೆಕೆಂಡ್ ತಡ ಮಾಡಿದರೆ ಕಾಲದಲ್ಲಿ ಶೇ. 0.5 ತಪ್ಪು. ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಜಿಯಲ್ಲಿ ಅದು ಶೇ. 1 ಆಗುತ್ತದೆ, ಅಂದರೆ 978ಕ್ಕೆ ಆಚೆ ಈಚೆ 10. ಈ ಅಳತೆಯಲ್ಲಿ ಶಿವಮೊಗ್ಗವೂ ಲಂಡನ್ನೂ ಒಂದೇ. 100 ಆಂದೋಲನ ಎಣಿಸಿದರೆ ತಪ್ಪು 2ಕ್ಕೆ ಇಳಿಯುತ್ತದೆ. ಆಗ ದಾರದ ಉದ್ದ ಕಾಡಲು ಶುರುಮಾಡುತ್ತದೆ: ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಜಿಯಲ್ಲಿ 1 ಹೋಯಿತು. ಹತ್ತಿ ದಾರ ಗುಂಡಿನ ಭಾರಕ್ಕೆ ಹಿಗ್ಗುತ್ತದೆ, ಹಾಗಾಗಿ ಗುಂಡು ತೂಗುಹಾಕಿದ ಮೇಲೆ ಅಳೆಯಬೇಕು, ಪ್ರಯೋಗ ಮುಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು.

ತಪ್ಪು ಉತ್ತರಗಳು ಸುಮ್ಮನೆ ಬರುವುದಿಲ್ಲ, ಒಂದೊಂದಕ್ಕೂ ಒಂದೊಂದು ಮುಖ ಇರುತ್ತದೆ. 1084 ಬಂದರೆ ಎಣಿಕೆ ‘ಒಂದು’ ಎಂದು ಶುರುವಾಗಿದೆ. ‘ಸೊನ್ನೆ’ ಎಂದು ವಾಚ್ ಒತ್ತಬೇಕಿತ್ತು. 19 ಆಂದೋಲನವನ್ನು 20 ಎಂದುಕೊಂಡರೆ ಸರಿಯಾಗಿ 1084 ಬರುತ್ತದೆ. 968 ಬಂದರೆ ದಾರವನ್ನು ಕೊಕ್ಕೆಯವರೆಗಷ್ಟೇ ಅಳೆದು ಗುಂಡಿನ ಒಂದು ಸೆಂಟಿಮೀಟರ್ ಅರೆವ್ಯಾಸ ಬಿಟ್ಟಿದ್ದಾರೆ. (ಉದ್ದ ಮತ್ತು ಕಾಲದ ವರ್ಗದ ಗ್ರಾಫ್ ಎಳೆದರೆ ಈ ತಪ್ಪು ಇಳಿಜಾರಿಗೆ ತಟ್ಟುವುದಿಲ್ಲ, ಗೆರೆ ಮಾತ್ರ ಮೂಲಬಿಂದು ತಪ್ಪಿಸಿ ಹೋಗುತ್ತದೆ. ಹಾಗೆ ಹೋದ ಗೆರೆಯನ್ನೂ ಎಳೆದು ತಂದು ಮೂಲಬಿಂದುವಿಗೆ ಕಟ್ಟುತ್ತಿದ್ದರು.) 963 ಬಂದರೆ ಗುಂಡನ್ನು 20 ಡಿಗ್ರಿಯಷ್ಟು ಎಳೆದು ಬಿಟ್ಟಿದ್ದಾರೆ. 5 ಡಿಗ್ರಿಯೊಳಗೆ ಬಿಟ್ಟರೆ ಕಾಲದಲ್ಲಿ ಶೇ. 0.05ರಷ್ಟೂ ವ್ಯತ್ಯಾಸ ಬರುವುದಿಲ್ಲ. ರಬ್ಬರ್ ಹಾಕಿದವರು ಅಳಿಸಿದ್ದು ಈ ಸುಳಿವುಗಳನ್ನೇ.

ಬೆಳಕಿನ ತರಂಗದ ಉದ್ದ ಅಳೆಯುವ ಸ್ಪೆಕ್ಟ್ರೋಮೀಟರಿನ ಕಥೆಯೂ ಅದೇ. ಸೋಡಿಯಂ ದೀಪ ಹೊತ್ತಿಸಿದಾಗ ಮೊದಲು ನಸುಗೆಂಪು, ಹಳದಿ ಬರಲು ಕೆಲವು ನಿಮಿಷ ಕಾಯಬೇಕು. ಮಳೆಗಾಲದಲ್ಲಿ ಮಸೂರದೊಳಗೆ ಬೂಷ್ಟು ಹಿಡಿದು ಗೆರೆ ಮಂಜಾಗುತ್ತಿತ್ತು. ಆದರೂ ಎಲ್ಲರಿಗೂ 589.3 ನ್ಯಾನೊಮೀಟರ್! ಅದು 589.0 ಮತ್ತು 589.6 ಎಂಬ ಎರಡು ಗೆರೆಗಳ ಸರಾಸರಿ. ಹಾಗೊಂದು ಗೆರೆಯೇ ಇಲ್ಲ.

ಕಾರಿಡಾರಿನ ಆ ತುದಿಗೆ ಪ್ರಾಣಿಶಾಸ್ತ್ರದ ಲ್ಯಾಬ್. ಪಿಸಿಎಂನವರು (ಭೌತ, ರಸಾಯನ, ಗಣಿತ) ಅತ್ತ ಹೋಗುತ್ತಿರಲಿಲ್ಲ, ಸಿಬಿಝಡ್‌ನವರು (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಇತ್ತ ಬರುತ್ತಿರಲಿಲ್ಲ. ಅಲ್ಲಿ ಅನುವಂಶೀಯತೆಯ ಪ್ರಯೋಗಕ್ಕೆ ಸಾಕಿದ ಹಣ್ಣುನೊಣಗಳ ಊಟ ಬೇಯುತ್ತಿತ್ತು: ಒಂದು ಲೀಟರ್ ನೀರು, 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗಾರ್. ನೋಡುವುದಕ್ಕೆ ಬೆಲ್ಲದ ಸಜ್ಜಿಗೆ. ಗಂಟಾಗದಂತೆ ಕೈಬಿಡದೆ ತಿರುವಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ 7.5 ಮಿಲಿಲೀಟರ್ ಪ್ರೊಪಿಯೋನಿಕ್ ಆಸಿಡ್. ಕುದಿಯುವಾಗಲೇ ಸುರಿದರೆ ಅದು ಹಬೆಯ ಜೊತೆ ಹಾರಿಹೋಗುತ್ತದೆ, ನಾಲ್ಕನೇ ದಿನ ಬಾಟಲಿ ತುಂಬ ಬೂಷ್ಟು. ಆಷಾಢದ ಮಳೆಯಲ್ಲಿ ಹೀಗೆ ಹಾಳಾದ ಬಾಟಲಿಗಳಿಗೆ ಲೆಕ್ಕವಿಲ್ಲ. ಬಾಟಲಿಯ ಒಳಗೋಡೆಯ ನೀರಹನಿ ಆರುವ ಮುಂಚೆ ಹತ್ತಿ ಬಿರಡೆ ಹಾಕಿದರೂ ಕಷ್ಟ, ನೊಣಗಳು ಗೋಡೆಗೇ ಅಂಟಿ ಸಾಯುತ್ತವೆ.

25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ. ಡಿಸೆಂಬರಿನ ಚಳಿಗೆ ಅದು ಎಷ್ಟೋ ದಿನ ಮುಂದಕ್ಕೆ ಹೋಗುತ್ತದೆ, ಪ್ರಾಕ್ಟಿಕಲ್ ಟೈಮ್‌ಟೇಬಲ್ ಹೋಗುವುದಿಲ್ಲ. ಕ್ರಾಸ್ ಮಾಡಲು (ಬೇರೆ ಬೇರೆ ಗುಣದ ಗಂಡು ಹೆಣ್ಣನ್ನು ಕೂಡಿಸಲು) ಇನ್ನೂ ಗಂಡಿನ ಜೊತೆ ಕೂಡಿರದ ಹೆಣ್ಣೇ ಬೇಕು. ಹೊರಬಂದು 8 ಗಂಟೆಯೊಳಗೆ ಬೇರೆ ಮಾಡಬೇಕು. ಆಗತಾನೇ ಬಂದ ನೊಣ ಬಿಳಿಚಿಕೊಂಡಿರುತ್ತದೆ, ಹೊಟ್ಟೆಯ ಚರ್ಮದಡಿ ಹಸಿರುಗಪ್ಪು ಚುಕ್ಕಿಯೊಂದು ಕಾಣುತ್ತದೆ. ಗಂಡಿನ ಹೊಟ್ಟೆಯ ತುದಿ ಕಪ್ಪು, ಮುಂಗಾಲಲ್ಲಿ ಬಾಚಣಿಗೆಯಂಥ ಕೂದಲು. ಮತ್ತು ಬರಿಸಲು ಹಾಕುವ ಈಥರ್ ಜಾಸ್ತಿಯಾದರೆ ರೆಕ್ಕೆಗಳು ಮೈಯಿಂದ ಮೇಲಕ್ಕೆ ನೆಟ್ಟಗಾಗುತ್ತವೆ. ಆ ನೊಣ ಮತ್ತೆ ಏಳುವುದಿಲ್ಲ.

ಉದ್ದ ರೆಕ್ಕೆ, ಮೊಟಕು ರೆಕ್ಕೆಗಳ ಕ್ರಾಸಿನಲ್ಲಿ ಎರಡನೇ ತಲೆಮಾರಿಗೆ 3:1, ಅಂದರೆ ಮೂರು ಉದ್ದಕ್ಕೆ ಒಂದು ಮೊಟಕು ಬರಬೇಕು. ಇಲ್ಲಿಯ 981 ಅದು. ಆದರೆ ಮೊಟಕು ರೆಕ್ಕೆಯವು ಬಾಳುವುದು ಕಡಿಮೆ, ಹೊರಬರುವುದೂ ನಿಧಾನ. ಹಾರಲಾರದೆ ತೆವಳಿ ಹಸಿ ಊಟದಲ್ಲಿ ಸಿಕ್ಕಿಕೊಳ್ಳುತ್ತವೆ. ಮೊದಲೆರಡು ದಿನ ಮಾತ್ರ ಎಣಿಸಿ ಕೈತೊಳೆದುಕೊಂಡರೆ ಅವು ಲೆಕ್ಕಕ್ಕೆ ಸಿಗುವುದಿಲ್ಲ. ಅತಿ ತಡಮಾಡಿದರೆ ಮುಂದಿನ ತಲೆಮಾರೂ ಬೆರೆಯುತ್ತದೆ. ಹಾಗಾಗಿ ಮೊದಲ ನೊಣ ಬಂದ ದಿನದಿಂದ ಎಂಟೊಂಬತ್ತು ದಿನ, ದಿನಾ ಎಣಿಸಬೇಕು. 100 ನೊಣದಲ್ಲಿ 82 ಉದ್ದ, 18 ಮೊಟಕು ಬಂತೆನ್ನಿ. ಕೈ-ಸ್ಕ್ವೇರ್ (ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಎಂಬ ಲೆಕ್ಕ) 2.61, ದಾಟಬಾರದ ಗಡಿ 3.84, ಪಾಸು. ಅದೇ ಪ್ರಮಾಣದಲ್ಲಿ 400 ಎಣಿಸಿ 328, 72 ಬಂದರೆ 10.45, ಫೇಲು. ಕಡಿಮೆ ಎಣಿಸಿದವನ ಬಾಟಲಿಯಲ್ಲಿ ಎಲ್ಲ ಸಿದ್ಧಾಂತಗಳೂ ಸರಿಯಾಗಿರುತ್ತವೆ.

ಈ 3:1ರ ನಿಯಮ ಕಂಡ ಮೆಂಡೆಲ್ 7324 ಬಟಾಣಿ ಎಣಿಸಿದ್ದ: 5474 ದುಂಡಗಿನವು, 1850 ಸುಕ್ಕಾದವು. 3:1ರ ಪ್ರಕಾರ 5493 ಬರಬೇಕಿತ್ತು. 19 ಮಾತ್ರ ಕಡಿಮೆ. ಇಷ್ಟು ಬಟಾಣಿಗೆ ಸಹಜವಾಗಿ 37ರಷ್ಟು ಏರುಪೇರು ಇರುತ್ತದೆ. ಒಂದು ಪ್ರಯೋಗದಲ್ಲಿ ಹೀಗೆ ಹತ್ತಿರ ಬಂದರೆ ಅದೃಷ್ಟ. ಒಂದಾದಮೇಲೊಂದರಲ್ಲಿ ಬಂದರೆ? 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಎಲ್ಲವನ್ನೂ ಕೂಡಿಸಿ ನೋಡಿ, ಅಂಕಿಗಳು ಅತಿ ಚೆನ್ನಾಗಿವೆ, ಯಾರೋ ತಿದ್ದಿರಬೇಕು ಎಂದ. ನಿರೀಕ್ಷೆ ಗೊತ್ತಿದ್ದ ಸಹಾಯಕ ಮಾಡಿರಬಹುದು ಎಂಬುದು ಅವನ ಊಹೆ. ಆ ವಾದ ಇನ್ನೂ ಮುಗಿದಿಲ್ಲ. ನನಗೆ ಮಾತ್ರ ಆ ಕಾಣದ ಸಹಾಯಕನ ಕೈಯಲ್ಲಿ ನಮ್ಮ ಲ್ಯಾಬಿನ ರಬ್ಬರೇ ಕಾಣುತ್ತದೆ.

ಅದೇ 1936ರಲ್ಲಿ ಫಿಶರ್ ಇನ್ನೊಂದು ಪ್ರಬಂಧದಲ್ಲಿ ಐರಿಸ್ ಹೂಗಳ ಪಟ್ಟಿ ಅಚ್ಚುಹಾಕಿಸಿದ: ಮೂರು ಜಾತಿ, ತಲಾ 50 ಹೂ, ನಾಲ್ಕು ಅಳತೆ. ಇವತ್ತು ಮಷೀನ್ ಲರ್ನಿಂಗ್ (ಕಂಪ್ಯೂಟರಿಗೆ ಉದಾಹರಣೆಗಳಿಂದ ಕಲಿಸುವ ವಿದ್ಯೆ) ಕಲಿಯುವ ಹುಡುಗರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲು ತೆರೆಯುವ ಪಟ್ಟಿ ಬಹುಮಟ್ಟಿಗೆ ಅದೇ. ಕಲ್ಕತ್ತೆಯಲ್ಲಿ ಭೌತಶಾಸ್ತ್ರದ ಮೇಷ್ಟರಾಗಿದ್ದ ಪ್ರಶಾಂತಚಂದ್ರ ಮಹಲನೋಬಿಸ್ ಎರಡು ಗುಂಪುಗಳು ಒಂದಕ್ಕೊಂದು ಎಷ್ಟು ಬೇರೆ ಎಂದು ಹೇಳುವ, ತಮ್ಮ ಹೆಸರಿನ ‘ದೂರ’ದ ಅಳತೆಯನ್ನು ಪ್ರಕಟಿಸಿದ ವರ್ಷವೂ 1936. ಅವರ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳೆದು, ಫಿಶರ್ ಬಳಿ ಕೇಂಬ್ರಿಜಿನಲ್ಲಿ ಪಿಎಚ್.ಡಿ. ಮಾಡಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಕಾರಿಡಾರಿನ ಎರಡು ತುದಿಗಳನ್ನು ಇವರು ಆಗಲೇ ಸೇರಿಸಿಯಾಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ಐರಿಸ್ ಪಟ್ಟಿಯಲ್ಲಿ ನನಗೆ ಇಷ್ಟವಾಗುವುದು ಅಂಕಿಗಳಲ್ಲ. ಹೂಗಳನ್ನು ಅಳೆದ ಸಸ್ಯಶಾಸ್ತ್ರಜ್ಞ ಎಡ್ಗರ್ ಆಂಡರ್ಸನ್ ಎರಡು ಜಾತಿಯ ಹೂಗಳನ್ನು ಒಂದೇ ಹುಲ್ಲುಗಾವಲಿನಲ್ಲಿ, ಒಂದೇ ದಿನ ಕಿತ್ತು, ಒಂದೇ ಸಾಧನದಲ್ಲಿ, ಒಬ್ಬರ ಕೈಯಲ್ಲೇ ಅಳೆದದ್ದು. ಈಗ ನಮ್ಮ ಕಡೆ ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋಟೋದಿಂದ ಗುರುತಿಸುವ ಪ್ರಾಜೆಕ್ಟುಗಳಿಗೆ ಬರವಿಲ್ಲ. ಅವುಗಳಲ್ಲಿ ತಪ್ಪುವುದು ಇದೇ. ರೋಗದ ಸೋಗೆ ಹೊಸನಗರದ ಕಡೆಯದು, ಸೆಪ್ಟೆಂಬರಿನ ಮೋಡದಲ್ಲಿ ತೆಗೆದದ್ದು. ಆರೋಗ್ಯದ ಸೋಗೆ ಶಿವಮೊಗ್ಗದ ಪಕ್ಕದ ತೋಟದ್ದು, ಜನವರಿಯ ಬಿಸಿಲಿನದು. ಮಾಡೆಲ್ (ಫೋಟೋಗಳಿಂದ ಕಲಿಯುವ ಪ್ರೋಗ್ರಾಂ) ಕಲಿಯುವುದು ಮೋಡ ಮತ್ತು ಬಿಸಿಲಿನ ವ್ಯತ್ಯಾಸವನ್ನು. ಮರ ಹತ್ತುವ ಕೊನೆಗಾರ ಸಿಗದೆ ಬಿದ್ದ ಸೋಗೆಯ ಫೋಟೋ ಹೊಡೆದರೆ ‘ಒಣಗಿದ್ದೆಲ್ಲ ರೋಗ’ ಎಂದು ಕಲಿಯುತ್ತದೆ. ಪರೀಕ್ಷೆ ಸುಲಭ: ಎಲೆಯ ಭಾಗಕ್ಕೆ ಕಪ್ಪು ಬಳಿದು, ಹಿನ್ನೆಲೆಯನ್ನಷ್ಟೇ ಕೊಟ್ಟು ಮತ್ತೆ ತರಬೇತಿ ಮಾಡಿ. ಆಗಲೂ ಶೇ. 90 ಸರಿಯುತ್ತರ ಬಂದರೆ ಅದು ನೋಡುತ್ತಿರುವುದು ಎಲೆಯನ್ನಲ್ಲ, ಅಂಗಳವನ್ನು.

ಪರೀಕ್ಷೆಯ ಪ್ರಶ್ನೆ ಕಲಿಕೆಗೇ ಸೋರುವ ಇನ್ನೊಂದು ತಪ್ಪು ಇದಕ್ಕಿಂತ ಮೋಸದ್ದು. ಒಂದು ಸೋಗೆಯ 30 ಫೋಟೋ ತೆಗೆಯುತ್ತಾರೆ, ತಿರುಗಿಸಿ ಮಗುಚಿ 300 ಮಾಡುತ್ತಾರೆ, ಆಮೇಲೆ ಎಲ್ಲವನ್ನೂ ಕಲಸಿ ಎಂಬತ್ತು ಪಾಲು ಕಲಿಕೆಗೆ, ಇಪ್ಪತ್ತು ಪಾಲು ಪರೀಕ್ಷೆಗೆ. ಒಂದೇ ಸೋಗೆ ಎರಡೂ ಕಡೆ ಕೂತಿರುತ್ತದೆ. ಪರೀಕ್ಷೆಯಲ್ಲಿ ಶೇ. 98, ಹೊಸ ತೋಟಕ್ಕೆ ಹೋದ ಕೂಡಲೇ ಮುಗ್ಗರಿಸುತ್ತದೆ. ಮೊದಲು ತೋಟಗಳನ್ನೇ ಬೇರೆ ಮಾಡಬೇಕು, ಮಗುಚುವುದು ಆಮೇಲೆ, ಅದೂ ಕಲಿಕೆಯ ಪಾಲಿನಲ್ಲಿ ಮಾತ್ರ. ಪೈಥಾನಿನ ಸೈಕಿಟ್-ಲರ್ನ್ ಎಂಬ ಸಾಧನಗಳ ಕಟ್ಟಿನಲ್ಲಿ, ಒಂದು ಗುಂಪನ್ನು ಒಡೆಯದೆ ಪಾಲು ಮಾಡುವ ಗ್ರೂಪ್‌ಕೆಫೋಲ್ಡ್ ಇರುವುದೇ ಇದಕ್ಕೆ. ಪ್ರತಿ ಫೋಟೋಗೂ ತೋಟದ ಸಂಖ್ಯೆಯ ಒಂದು ಕಾಲಂ ಇಟ್ಟರೆ ಸಾಕು. ಅನುಮಾನ ಉಳಿದರೆ ‘ರೋಗ’, ‘ಆರೋಗ್ಯ’ ಎಂಬ ಹಣೆಪಟ್ಟಿಗಳನ್ನು ಯದ್ವಾತದ್ವಾ ಅದಲುಬದಲು ಮಾಡಿ ತರಬೇತಿ ಕೊಟ್ಟು ನೋಡಿ. ಎರಡೇ ವರ್ಗ ಸಮಸಮ ಇದ್ದಾಗ ಪರೀಕ್ಷೆಯಲ್ಲಿ ಶೇ. 50ರ ಸುತ್ತ ಬರಬೇಕು. 70 ಬಂತೆಂದರೆ ಎಲ್ಲೋ ತೂತಿದೆ.

ಇನ್ನು ಶೇ. 92 ಬಂದ ಮಾಡೆಲಿಗಿಂತ 94 ಬಂದದ್ದು ಮೇಲು ಎಂಬ ಜಗಳ. ಪರೀಕ್ಷೆಗೆ 200 ಫೋಟೋ ಇದ್ದರೆ ಆ 92ರ ಸಹಜ ಏರುಪೇರೇ ಆಚೆ ಈಚೆ ಸುಮಾರು 2. ಇದು ಮೆಂಡೆಲನ ಬಟಾಣಿಗೆ 37 ಕೊಟ್ಟ ವರ್ಗಮೂಲದ ಲೆಕ್ಕವೇ, ಹೊಸದೇನಲ್ಲ. ಆ 200 ಫೋಟೋ ನಾಲ್ಕೇ ತೋಟದವಾದರೆ ನಿಜವಾದ ಸಂಖ್ಯೆ 200ಕ್ಕಿಂತ 4ಕ್ಕೆ ಹತ್ತಿರ.

ರಬ್ಬರ್ ಚಟಕ್ಕೆ ದೊಡ್ಡ ಪ್ರಯೋಗಗಳಲ್ಲಿ ಒಂದು ಮದ್ದು ಇಟ್ಟುಕೊಂಡಿದ್ದಾರೆ. 2021ರಲ್ಲಿ ಪ್ರಕಟವಾದ, ಅಮೆರಿಕದ ಫರ್ಮಿಲ್ಯಾಬಿನ ಮ್ಯುಯಾನ್ ಜಿ ಮೈನಸ್ 2 ಪ್ರಯೋಗದಲ್ಲಿ (ಅಲ್ಲಿಯ ಜಿ ಬೇರೆ ಜಿ, ಮ್ಯುಯಾನ್ ಎಂಬ ಸಣ್ಣ ಕಣದ ಕಾಂತಗುಣದ ಅಳತೆ) ಉತ್ತರದ ಲೆಕ್ಕಕ್ಕೆ ಬೇಕಾದ ಗಡಿಯಾರದ ನಿಜವಾದ ಆವರ್ತನವನ್ನು ತಂಡದವರಿಗೇ ಹೇಳಿರಲಿಲ್ಲ. ಅದು ತಂಡದ ಹೊರಗಿನವರ ಬಳಿ ಇತ್ತು. ವಿಶ್ಲೇಷಣೆ ಮುಗಿದು, ತಪ್ಪುಗಳ ಪಟ್ಟಿ ಮುಗಿದ ಮೇಲೆಯೇ ಲಕೋಟೆ ಒಡೆದದ್ದು. ಲೋಲಕಕ್ಕೆ ಇಷ್ಟೆಲ್ಲ ಬೇಡ: ಬ್ಯಾಚಿನ ಇಬ್ಬರಲ್ಲಿ ಒಬ್ಬರು ಉದ್ದ ಅಳೆದು ಚೀಟಿ ಮಡಚಿ ಜೇಬಿಗೆ ಹಾಕಿಕೊಳ್ಳಲಿ, ಇನ್ನೊಬ್ಬರು ಕಾಲ ಎಣಿಸಿ ಪೆನ್ನಿನಲ್ಲಿ ಬರೆಯಲಿ, ಲೆಕ್ಕ ಕೊನೆಗೆ.

ಅಟ್ಟದ ಮೇಲೆ ಹಳೆಯ ರಫ್ ಪುಸ್ತಕ ಉಳಿದಿರುವವರು ಒಂದು ಮಧ್ಯಾಹ್ನ ಇದನ್ನೂ ಮಾಡಿ ನೋಡಬಹುದು. ಡಿಜಿಟಲ್ ಸ್ಟಾಪ್‌ವಾಚಿನ 200 ರೀಡಿಂಗುಗಳ ಕೊನೆಯ ಅಂಕಿಯನ್ನಷ್ಟೇ ಎಣಿಸಿ. ಸೆಕೆಂಡಿನ ನೂರನೇ ಭಾಗ ಯಾರ ಮಾತೂ ಕೇಳುವುದಿಲ್ಲ, ಸೊನ್ನೆಯಿಂದ ಒಂಬತ್ತರವರೆಗೆ ಪ್ರತಿ ಅಂಕಿಯೂ 20ರ ಹತ್ತಿರ ಸಲ ಬರಬೇಕು. ಸಹಜ ಏರುಪೇರು 4 ಚಿಲ್ಲರೆ. ಐದು ಎಂಬ ಅಂಕಿ 40 ಸಲ ಬಂದಿದ್ದರೆ ಆ ರೀಡಿಂಗುಗಳನ್ನು ಕೊಟ್ಟದ್ದು ವಾಚಲ್ಲ.