ಎಲೆ ಮೇಲಿನ ಕಂದು ಚುಕ್ಕೆ: ರೋಗವೋ, ಗಿಡದ ಪ್ರತಿರೋಧವೋ?

ಕೋಲಾರ, 18 ನವೆಂಬರ್ 2024, ಸೋಮವಾರ

ಬೆಳಗ್ಗೆ ಮಂಜು, ಹತ್ತು ಗಂಟೆಯಾದರೂ ಎಲೆಯ ತೇವ ಆರುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೆಟೊ ಹಾಕಿದವರಿಗೆ ಅಂಗಮಾರಿಯ (ಲೇಟ್ ಬ್ಲೈಟ್) ಭಯ ಕಾಡುವ ಕಾಲ ಇದು. ಒಂದು ಕಂದು ಚುಕ್ಕೆ ಕಂಡರೆ ಸಾಕು, ಪಂಪು ಹೆಗಲೇರುತ್ತದೆ. ಆದರೆ ಒಂದೆರಡು ಮಿಲಿಮೀಟರ್ ಅಗಲಕ್ಕೆ ಒಣಗಿ, ಅಲ್ಲೇ ನಿಂತುಬಿಟ್ಟ ಚುಕ್ಕೆ ಗಿಡ ರೋಗವನ್ನು ತಡೆದ ಗುರುತೂ ಆಗಿರಬಹುದು.

ಗಿಡಕ್ಕೆ ರಕ್ತವಿಲ್ಲ, ರೋಗಾಣುವನ್ನು ಅಟ್ಟಿಸಿಕೊಂಡು ಹೋಗುವ ಬಿಳಿ ರಕ್ತಕಣವೂ ಇಲ್ಲ. ಪ್ರತಿ ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ರೋಗಾಣುವಿನ ಸುಳಿವು ಸಿಕ್ಕ ಕೆಲವೇ ನಿಮಿಷಗಳಲ್ಲಿ ಕೋಶಪೊರೆಯ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವ ಹೊರಗಿನ ಆಮ್ಲಜನಕವನ್ನು ಅದರ ಉಗ್ರ ರೂಪವಾದ ಸೂಪರ್‌ಆಕ್ಸೈಡ್ ಮಾಡುತ್ತದೆ, ಅದು ಬೇಗನೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಈ ಮೊದಲ ಅಲೆ ಬಂದಷ್ಟೇ ಬೇಗ ಇಳಿಯುತ್ತದೆ. ರೋಗಾಣುವನ್ನು ಗುರುತಿಸುವ ನಿರೋಧಕ ಜೀನ್ ಗಿಡದಲ್ಲಿದ್ದರೆ ಮಾತ್ರ ಕೆಲವು ಗಂಟೆಗಳ ನಂತರ ಎರಡನೆಯ ಅಲೆ ಎದ್ದು ಬಹಳ ಹೊತ್ತು ನಿಲ್ಲುತ್ತದೆ. ಆಗ ಕೋಶಭಿತ್ತಿ ಗಟ್ಟಿಯಾಗುತ್ತದೆ, ರಕ್ಷಣೆಯ ಜೀನುಗಳು ಎಚ್ಚರಗೊಳ್ಳುತ್ತವೆ, ಸೋಂಕು ತಗುಲಿದ ಕೋಶ ತಾನಾಗಿಯೇ ಸಾಯುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಸುತ್ತಲಿನ ಹುಲ್ಲನ್ನು ಎಳೆದು ಹಾಕುವ ಹಾಗೆ. ಗೋಧಿಯ ತುಕ್ಕು ರೋಗದಲ್ಲಿ ಇದನ್ನು ಕಂಡ ಅಮೆರಿಕದ ಸಸ್ಯರೋಗ ವಿಜ್ಞಾನಿ ಸ್ಟಾಕ್‌ಮನ್ 1915ರಲ್ಲೇ ಅತಿಸಂವೇದಿ ಪ್ರತಿಕ್ರಿಯೆ ಎಂದು ಕರೆದರು. ಟೊಮೆಟೊದಲ್ಲಿ ಅಂಗಮಾರಿಗೆ ಈ ಕೆಲಸ ಮಾಡುವ ಜೀನುಗಳಲ್ಲಿ ಪಿಎಚ್-3 (Ph-3) ಮುಖ್ಯವಾದದ್ದು.

ಹೊಲದಲ್ಲೇ ಪರೀಕ್ಷೆ ಮಾಡಬೇಕೆಂದರೆ, ಚುಕ್ಕೆಯಿರುವ ಎಲೆಯನ್ನು ಒದ್ದೆ ಪೇಪರಿನ ಜೊತೆ ಪಾಲಿಥಿನ್ ಕವರಿನಲ್ಲಿ ಕಟ್ಟಿ ನೆರಳಲ್ಲಿಡಿ. ಅಂಗಮಾರಿಯಾದರೆ ಒಂದೆರಡು ದಿನದೊಳಗೆ ಎಲೆಯ ಅಡಿಭಾಗದಲ್ಲಿ ಬಿಳಿ ಬೂಸು ಏಳುತ್ತದೆ, ಚುಕ್ಕೆಯ ಅಂಚು ನೀರಲ್ಲಿ ಅದ್ದಿದಂತೆ ಹರಡುತ್ತದೆ. ಪ್ರತಿರೋಧದ ಚುಕ್ಕೆ ಹರಡುವುದಿಲ್ಲ. ಇಲ್ಲೊಂದು ಎಚ್ಚರಿಕೆ: ಬದುವಿನ ಕಳೆಗೆ ಹೊಡೆದ ಪ್ಯಾರಾಕ್ವಾಟ್ ಗಾಳಿಗೆ ತೇಲಿ ಬಂದು ಬಿದ್ದರೂ ಇಂಥದೇ ಒಣ ಚುಕ್ಕೆ ಆಗುತ್ತದೆ. ಅದೂ ಎಲೆಯ ಹಸಿರು ಕಣಗಳೊಳಗೆ (ಕ್ಲೋರೋಪ್ಲಾಸ್ಟ್) ಸೂಪರ್‌ಆಕ್ಸೈಡ್ ಎಬ್ಬಿಸಿಯೇ ಕೊಲ್ಲುವುದು. ಬದುವಿನ ಸಾಲಿನಲ್ಲಿ ದಟ್ಟವಾಗಿ, ಒಳಗೆ ಹೋದಂತೆ ಕಡಿಮೆಯಾಗಿದ್ದರೆ ಮೊದಲು ಅದನ್ನೇ ಸಂಶಯಿಸಿ.

ಪ್ರಯೋಗಾಲಯದಲ್ಲಿ ಡಿಎಬಿ ಬಣ್ಣದ ಪರೀಕ್ಷೆ. ಎಲೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುವ ಕಡೆ ಕಂದಾಗುವ ರಾಸಾಯನಿಕ ಈ ಡಿಎಬಿ. 45 ಮಿಲಿ ಡಿಸ್ಟಿಲ್ಡ್ ನೀರಿಗೆ 50 ಮಿಲಿಗ್ರಾಂ ಡಿಎಬಿ. 0.2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ (ಆಮ್ಲೀಯತೆಯ ಅಳತೆ) 3ಕ್ಕೆ ಇಳಿಸಿ, ಇಲ್ಲವಾದರೆ ಪುಡಿ ಕರಗದೆ ತಳದಲ್ಲೇ ಕೂರುತ್ತದೆ. ಕರಗಿದ ಮೇಲೆ 25 ಮೈಕ್ರೋಲೀಟರ್ ಟ್ವೀನ್-20 (ಸೋಪಿನಂಥ ದ್ರವ), 200 ಮಿಲಿಮೋಲಾರ್ ಡೈಸೋಡಿಯಂ ಫಾಸ್ಫೇಟ್ 2.5 ಮಿಲಿ. ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಡಿ. ಬೆಳಕು ಬಿದ್ದು ತಾನೇ ಕಂದಾದ ದ್ರಾವಣವನ್ನು ಬಳಸಬೇಡಿ, ಆಯಾ ದಿನವೇ ಹೊಸದು ಮಾಡಿ. ಡಿಎಬಿ ಕ್ಯಾನ್ಸರ್‌ಕಾರಕ ಎಂಬ ಸಂಶಯವಿದೆ. ಗ್ಲೌಸ್ ಕಡ್ಡಾಯ, ಉಳಿದದ್ದನ್ನು ಸಿಂಕಿಗೆ ಸುರಿಯಬಾರದು.

ಎಲೆಯನ್ನು ಮುಳುಗಿಸಿ ಐದು ನಿಮಿಷ ಹದವಾದ ನಿರ್ವಾತ ಕೊಡಿ, ನಾಲ್ಕೈದು ಗಂಟೆ ಕತ್ತಲಲ್ಲಿ ಮೆಲ್ಲಗೆ ಕುಲುಕಿಸಿ. ಆಮೇಲೆ ಎಥೆನಾಲ್, ಅಸಿಟಿಕ್ ಆಮ್ಲ, ಗ್ಲಿಸರಾಲ್ 3:1:1 ಮಿಶ್ರಣದಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ 15 ನಿಮಿಷ ಇಟ್ಟರೆ ಹಸಿರು ಇಳಿದು ಕಂದು ಮಾತ್ರ ಉಳಿಯುತ್ತದೆ. ಎಥೆನಾಲ್ ಇರುವುದರಿಂದ ಹತ್ತಿರ ಬೆಂಕಿ ಇರಕೂಡದು.

ಹೆಚ್ಚು ಜನ ಎಡವುವುದು ಫಲಿತಾಂಶ ಓದುವಾಗ. ಕತ್ತರಿಸಿದ ಅಂಚು ಗಾಯದಿಂದಲೇ ಕಂದಾಗುತ್ತದೆ, ಆ ಎರಡು ಮೂರು ಮಿಲಿಮೀಟರ್ ಲೆಕ್ಕಕ್ಕೆ ಬೇಡ. ಸತ್ತ ಭಾಗ ಡಿಎಬಿ ಇಲ್ಲದೆಯೂ ಕಂದಾಗಿಯೇ ಇರುತ್ತದೆ. ಅದಕ್ಕೇ ಡಿಎಬಿ ಹಾಕದ ಇನ್ನೊಂದು ಎಲೆ ಜೊತೆಗಿರಲೇಬೇಕು. ಆಸ್ಕಾರ್ಬಿಕ್ ಆಮ್ಲ ಸೇರಿಸಿದ ಮೂರನೆಯ ಎಲೆಯಲ್ಲಿ ಬಣ್ಣ ಕುಂದಿದರೆ ಕಂಡದ್ದು ಪೆರಾಕ್ಸೈಡೇ ಎಂದು ನಂಬಬಹುದು.

ಡಿಎಬಿ ಸಾವನ್ನು ತೋರಿಸುವುದಿಲ್ಲ. ಅದಕ್ಕೆ ಬೇರೆ ಎಲೆಗೆ ಟ್ರಿಪಾನ್ ಬ್ಲೂ ಹಾಕಬೇಕು. ಸತ್ತ ಕೋಶದ ಜೊತೆ ರೋಗಾಣುವಿನ ನೂಲಿನಂಥ ಎಳೆಯೂ ನೀಲಿಯಾಗುವುದು ಇದರ ದೊಡ್ಡ ಅನುಕೂಲ. ಸೂಕ್ಷ್ಮದರ್ಶಕದಲ್ಲಿ ಎಳೆ ಸತ್ತ ಕೋಶಗಳ ಗುಂಪಿನೊಳಗೇ ನಿಂತಿದ್ದರೆ ಗಿಡ ಗೆದ್ದಿದೆ. ಎಳೆಯ ತುದಿ ದಾಟಿ ಮುಂದೆ ಹೋಗಿ, ಸತ್ತ ಕೋಶಗಳು ಅದರ ಹಿಂದೆ ಸಾಲಾಗಿ ಉಳಿದಿದ್ದರೆ, ಸಾವು ತಡವಾಗಿ ಬಂತು ಎಂದರ್ಥ. ಅಂಥ ಗಿಡಕ್ಕೆ ಔಷಧಿ ಬೇಕೇ ಬೇಕು.

ಅಂಗಮಾರಿ ಮೊದಲಲ್ಲಿ ಜೀವಂತ ಕೋಶವನ್ನೇ ನೆಚ್ಚಿಕೊಳ್ಳುತ್ತದೆ, ಹಾಗಾಗಿ ಬೇಗ ಸತ್ತ ಕೋಶ ಅದಕ್ಕೆ ಉಪವಾಸ. ಉಂಗುರ ಉಂಗುರವಾಗಿ ಕಾಣುವ ಆಲ್ಟರ್‌ನೇರಿಯಾ, ಚಿಕ್ಕಬಳ್ಳಾಪುರದ ಪಾಲಿಹೌಸ್ ಗುಲಾಬಿಯಲ್ಲಿ ಬೂದು ಬೂಸು ತರಿಸುವ ಬಾಟ್ರೈಟಿಸ್, ಈ ಎರಡು ಶಿಲೀಂಧ್ರಗಳು ಹಾಗಲ್ಲ. ಇವಕ್ಕೆ ಸತ್ತ ಕೋಶವೇ ಊಟ. ಅತಿಸಂವೇದಿ ಪ್ರತಿಕ್ರಿಯೆ ಬಾಟ್ರೈಟಿಸ್‌ಗೆ ನೆರವಾಗುತ್ತದೆಂದು 2000ದಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಆದ್ದರಿಂದ ಉಂಗುರದ ಚುಕ್ಕೆಯಿರುವ ಕೆಳಗಿನ ಎಲೆಗಳನ್ನು ಇಬ್ಬನಿ ಆರಿದ ಮೇಲೆ ಕಿತ್ತು, ಸಾಲಿನಲ್ಲಿ ಎಸೆಯದೆ ಹೊಲದಿಂದ ಹೊರಗೆ ಸಾಗಿಸಿ.