ಎಂಟು ಲಕ್ಷ ಡಾಲರಿನ ಜಿಯೋ

ಟ್ಯಾಂಪಾ ಬೇ ಕೈಲಿ ಏಳನೇ ಪಂದ್ಯ 2-1ರಲ್ಲಿ ಸೋತು ಎಂಟು ದಿನವಾಗಿತ್ತು. ಐಸ್ ಹಾಕಿಯ ಎನ್‌ಎಚ್‌ಎಲ್ ಲೀಗಿನಲ್ಲಿ ಆಡುವ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಅಭಿಮಾನಿಗಳಿಗೆ ಮೇ ತಿಂಗಳ ಸೂತಕ ಹೊಸದೇನಲ್ಲ. 2004ರಿಂದ ಆಚೆಗೆ ಒಂದೇ ಒಂದು ಪ್ಲೇಆಫ್ ಸುತ್ತು ಗೆದ್ದಿರಲಿಲ್ಲ. ಅಂಥ ಹೊತ್ತಲ್ಲಿ, 2022ರ ಮೇ 22ರ ಭಾನುವಾರ, ಎರಡು ಸುದ್ದಿ ಒಟ್ಟಿಗೇ ಬಂದವು. ಜೇಸನ್ ಸ್ಪೆಝಾ ನಿವೃತ್ತನಾಗಿ ತಂಡದ ಆಡಳಿತ ಸೇರಿಕೊಂಡ. ಡಿಫೆನ್ಸ್‌ಮನ್ ಮಾರ್ಕ್ ಜಿಯೋರ್ಡಾನೊ, ಅಂದರೆ ಜಿಯೋ, ಇನ್ನೆರಡು ವರ್ಷಕ್ಕೆ ಸಹಿ ಹಾಕಿದ. ಸಂಬಳ ವರ್ಷಕ್ಕೆ ಎಂಟು ಲಕ್ಷ ಅಮೆರಿಕನ್ ಡಾಲರ್.

ಲೀಗಿನ ಕನಿಷ್ಠ ಸಂಬಳವೇ ಆಗ ಏಳೂವರೆ ಲಕ್ಷ. ಜಿಯೋನ ಹಿಂದಿನ ಒಪ್ಪಂದ ವರ್ಷಕ್ಕೆ 67.5 ಲಕ್ಷದ್ದು. ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾಗಿ, ನಡುವೆ ಒಂದು ವರ್ಷ ಮಾಸ್ಕೋಗೆ ಹೋಗಿ ಆಡಿ ಬಂದು, ಕ್ಯಾಲ್ಗರಿ ಫ್ಲೇಮ್ಸ್‌ಗೆ ಕ್ಯಾಪ್ಟನ್ ಆದವನು. 2019ರಲ್ಲಿ, 35ರ ವಯಸ್ಸಿನಲ್ಲಿ, ಲೀಗಿನ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಗೆದ್ದ. ಸಿಯಾಟಲ್ ಕ್ರಾಕನ್ ತಂಡದ ಮೊದಲ ಕ್ಯಾಪ್ಟನ್ನೂ ಅವನೇ. ಅಂಥವನು ಹುಟ್ಟೂರಿನ ತಂಡದಲ್ಲಿ ಆಡುತ್ತೇನೆಂದು ಇಷ್ಟಕ್ಕೆ ಒಪ್ಪಿದನಲ್ಲ ಅಂತ ಎಲ್ಲರೂ ಕೊಂಡಾಡಿದರು. ನನಗೆ ಆ ಭಾವುಕತೆಗಿಂತ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿಯ, ಲೆಕ್ಕ ಹೆಚ್ಚು ರುಚಿಸಿತು.

2022-23ರ ಸ್ಯಾಲರಿ ಕ್ಯಾಪ್ 8.25 ಕೋಟಿ ಡಾಲರ್. ಮ್ಯಾಥ್ಯೂಸ್‌ಗೆ 1.164 ಕೋಟಿ, ಟವಾರೆಸ್‌ಗೆ 1.1 ಕೋಟಿ, ಮಾರ್ನರ್‌ಗೆ 1.09 ಕೋಟಿ, ನೀಲಾಂಡರ್‌ಗೆ ಸುಮಾರು 70 ಲಕ್ಷ. ನಾಲ್ಕೇ ಫಾರ್ವರ್ಡ್‌ಗಳಿಗೆ ಹತ್ತಿರ ಹತ್ತಿರ ಅರ್ಧ ಕ್ಯಾಪ್ ಖಾಲಿ. ಹಿಂದಿನ ಸಾಲಿನಲ್ಲಿ ರೈಲಿಗೆ 75 ಲಕ್ಷ, ಮಝಿನ್‌ಗೆ 56, ಬ್ರೋಡಿಗೆ 50. ಉಳಿದ ಸುಮಾರು 2.4 ಕೋಟಿಯಲ್ಲಿ 16 ಜನರನ್ನು ಸಾಕಬೇಕು, ಅದರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ತಲೆಗೆ ಸರಾಸರಿ 15 ಲಕ್ಷ. ಜಿಯೋ ಇಪ್ಪತ್ತು ಲಕ್ಷ ಕೇಳಿದ್ದರೆ ಯಾರೂ ದುರಾಸೆ ಅನ್ನುತ್ತಿರಲಿಲ್ಲ; ಆದರೆ ಆ ಹೆಚ್ಚುವರಿ 12 ಲಕ್ಷಕ್ಕೆ ಮೂರನೇ ಸಾಲಿನ ಒಬ್ಬ ಫಾರ್ವರ್ಡ್‌ನನ್ನು ಬಿಡಬೇಕಾಗುತ್ತಿತ್ತು.

ಮಾರ್ಚ್‌ನಲ್ಲಿ ಕೊಟ್ಟ ಬೆಲೆಯೂ ಲೆಕ್ಕಕ್ಕೆ ಬರಬೇಕು. ಜಿಯೋನನ್ನೂ ಕಾಲಿನ್ ಬ್ಲ್ಯಾಕ್‌ವೆಲ್‌ನನ್ನೂ ತರಲು ಲೀಫ್ಸ್ ಸಿಯಾಟಲ್‌ಗೆ ಡ್ರಾಫ್ಟಿನಲ್ಲಿ ಎರಡನೇ ಸುತ್ತಿನ ಎರಡು ಪಿಕ್ (ಆಟಗಾರನನ್ನು ಆರಿಸುವ ಸರದಿ), ಮೂರನೇ ಸುತ್ತಿನ ಒಂದು ಪಿಕ್ ಕೊಟ್ಟಿತ್ತು. ಜುಲೈಯಲ್ಲಿ ಅವನು ಹೊರಟುಬಿಟ್ಟಿದ್ದರೆ, ಅಷ್ಟೆಲ್ಲ ತೆತ್ತಿದ್ದು ಬರೀ 20 ಲೀಗ್ ಪಂದ್ಯ ಮತ್ತು ಸೋತ ಒಂದು ಸರಣಿಗೆ ಅಂತಾಗುತ್ತಿತ್ತು.

35 ತುಂಬಿದವರ ಒಪ್ಪಂದಕ್ಕೆ ಬೇರೆಯೇ ನಿಯಮಗಳಿವೆ. ಒಂದೇ ವರ್ಷಕ್ಕೆ ಸಹಿ ಹಾಕಿದರೆ ಪರ್ಫಾರ್ಮೆನ್ಸ್ ಬೋನಸ್ ಸೇರಿಸಬಹುದು. ಅದು ಕ್ಯಾಪ್ ಮೀರಿದರೆ ಮೀರಿದಷ್ಟು ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಎರಡು ವರ್ಷಕ್ಕೆ ಹಾಕಿದರೆ ಬೋನಸ್ ಇಲ್ಲ. ಮೊದಲ ವರ್ಷ ಹೆಚ್ಚು, ಆಮೇಲೆ ಕಡಿಮೆ ಎಂದು ಸಂಬಳ ಹಂಚಿದ್ದರೆ, ಆಟಗಾರ ನಡುವೆ ನಿವೃತ್ತನಾದರೂ ಹೊರೆ ತಂಡದ ಕ್ಯಾಪ್ ಮೇಲೇ ಉಳಿಯುತ್ತದೆ. ಎಂಟು ಲಕ್ಷದ ಒಪ್ಪಂದದಲ್ಲಿ ಇದಾವುದೂ ತಲೆನೋವಲ್ಲ. ಹಣದ ಮಟ್ಟಿಗೆ ಅಪಾಯ ಸೊನ್ನೆ. ಅಪಾಯ ಇದ್ದದ್ದು ಅವನನ್ನು ಆಡಿಸುವ ನಿಮಿಷಗಳಲ್ಲಿ.

ಹಾಕಿ ಎಂದರೆ ಕೊಡಗು ಎನ್ನುವ ನಮ್ಮವರಿಗೆ ವಿ.ಆರ್. ರಘುನಾಥ್ ಥರದ ಡಿಫೆಂಡರ್‌ಗಳು ಗೊತ್ತು, ಪೆನಾಲ್ಟಿ ಕಾರ್ನರ್ ಬಂದರೆ ಮುಂದೆ ಬಂದು ಡ್ರ್ಯಾಗ್ ಫ್ಲಿಕ್ ಹೊಡೆಯುವವರು. ಐಸ್ ಹಾಕಿಯಲ್ಲಿ ಡಿಫೆನ್ಸ್‌ಮನ್ ಆರು ಜನ, ಮೂರು ಜೋಡಿ. 60 ನಿಮಿಷದ ಆಟವನ್ನು 40-45 ಸೆಕೆಂಡಿನ ಶಿಫ್ಟ್‌ಗಳಲ್ಲಿ ಹಂಚಿಕೊಳ್ಳುತ್ತಾರೆ. ಮೂರನೇ ಜೋಡಿಗೆ 15-16 ನಿಮಿಷ ಸಾಕು. ಜಿಯೋನನ್ನು ಇಟ್ಟುಕೊಂಡಿದ್ದು ಆ ಲೆಕ್ಕದಲ್ಲೇ: ಎಡಗೈ ಆಟಗಾರ, ಬಲಕ್ಕೆ ಲಿಲ್ಯೆಗ್ರೆನ್ ಥರದ ಹುಡುಗ. ಟ್ರೇಡ್ ಆದ ಮೇಲೆ ಆ ಜೋಡಿ ಚೆನ್ನಾಗಿ ಕೂಡಿಕೊಂಡಿತ್ತು.

ಅವನ ಆಟದಲ್ಲಿ ನಾನು ಕಣ್ಣಿಟ್ಟು ನೋಡುತ್ತಿದ್ದುದು ಒಂದೇ ಜಾಗ. ಎದುರಾಳಿ ಪಕ್ ಅನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಮೂಲೆಗೆ ಹೊಡೆದು ಬೆನ್ನು ಹತ್ತಿ ಬರುತ್ತಾನೆ. ಡಿಫೆನ್ಸ್‌ಮನ್ ಹಿಂದೆ ತಿರುಗಿ ಮೊದಲು ಅದನ್ನು ಮುಟ್ಟಬೇಕು. ಹೊಸ ಹುಡುಗರು ಪಕ್ ನೋಡುತ್ತ ಹೋಗುತ್ತಾರೆ, ಬೆನ್ನಿಗೆ ಏಟು ತಿನ್ನುತ್ತಾರೆ. ಜಿಯೋ ಹೋಗುತ್ತ ಹೋಗುತ್ತಲೇ ಎರಡೂ ಭುಜದ ಮೇಲಿಂದ ಹಿಂದಕ್ಕೊಮ್ಮೆ ಕಣ್ಣಾಡಿಸುತ್ತಿದ್ದ. ಬರುವವನು ಯಾವ ಕಡೆಯಿಂದ, ಎಷ್ಟು ವೇಗದಲ್ಲಿ ಅನ್ನುವುದು ಗೊತ್ತಾದರೆ ಮುಂದಿನದು ಆಗಲೇ ತೀರ್ಮಾನವಾದಂತೆ: ಅಂಕಣದ ಸುತ್ತಲ ಗೋಡೆಯಾದ ಬೋರ್ಡ್ ಗುಂಟ ವಿಂಗರ್‌ಗೆ ಕಳಿಸುವುದೋ, ಗೋಲಿನ ಹಿಂದಿನಿಂದ ಜೊತೆಗಾರನಿಗೆ ತಿರುಗಿಸುವುದೋ, ಯಾವುದೂ ಇಲ್ಲದಿದ್ದರೆ ಬೋರ್ಡ್ ಮೇಲಿನ ಗಾಜಿಗೆ ಬಡಿದು ಆಚೆ ಹಾಕುವುದೋ. ಕಾಲಿನ ವೇಗ ಇಳಿದರೂ ಇದು ಇಳಿಯುವುದಿಲ್ಲ. 38ರ ಆಟಗಾರನಿಗೆ ತಂಡ ದುಡ್ಡು ಕೊಡುವುದು ಇದಕ್ಕೇ.

ಇಳಿಯುವುದು ಹಿಂಬದಿ ಸ್ಕೇಟಿಂಗ್‌ನಿಂದ ಮುಂದಕ್ಕೆ ತಿರುಗುವ ಆ ಒಂದು ಕ್ಷಣ. ತನ್ನ ತಂಡದ ವಲಯ ಶುರುವಾಗುವ ಬ್ಲೂ ಲೈನ್ ಬಳಿ ಎದುರಾಳಿಗೂ ತನಗೂ ಒಂದು, ಒಂದೂವರೆ ಸ್ಟಿಕ್‌ನಷ್ಟು ಅಂತರ ಇಟ್ಟು ಅವನನ್ನು ಬೋರ್ಡ್ ಕಡೆ ದೂಡಬೇಕು. ತಿರುಗುವಾಗ ತಡವಾಗುತ್ತದೆಂದು ಗೊತ್ತಿರುವ ಹಿರಿಯರು ಆ ಅಂತರವನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರೆ. ಆಗ ಎದುರಾಳಿ ಪಕ್ ಇಟ್ಟುಕೊಂಡೇ ಒಳಗೆ ಬರುತ್ತಾನೆ, ಆಟ ನಮ್ಮ ತುದಿಯಲ್ಲೇ ನಿಲ್ಲುತ್ತದೆ, ಶಾಟ್‌ಗಳಿಗೆ ಮೈ ಒಡ್ಡಬೇಕಾಗುತ್ತದೆ. 2022-23ರಲ್ಲೇ ಜಿಯೋ, ಲೀಗ್ ಈ ಲೆಕ್ಕ ಇಡಲು ಶುರುಮಾಡಿದ ಮೇಲೆ ಅತಿ ಹೆಚ್ಚು ಶಾಟ್ ತಡೆದ ಆಟಗಾರನಾದ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುವ ದಾಖಲೆ, ನಿಜ. ಆದರೆ ಶಾಟ್ ತಡೆದ ಅಂದರೆ ಪಕ್ ಎದುರಾಳಿ ಹತ್ತಿರವೇ ಇತ್ತು ಅಂತಲೂ ಆಯಿತಲ್ಲ!

ಎರಡನೇ ಪೀರಿಯಡ್ ಇನ್ನೂ ಕಷ್ಟ. ತಂಡಗಳು ತುದಿ ಬದಲಿಸುವುದರಿಂದ ಬೆಂಚ್ ದೂರವಾಗುತ್ತದೆ. ಡಿಫೆನ್ಸ್‌ಮನ್ ಬದಲಾಗಬೇಕಾದರೆ ನಡುವಿನ ವಲಯ ದಾಟಿ ಹೋಗಬೇಕು. ಪಕ್ ಹೊರಗೆ ಹೋಗದಿದ್ದರೆ 45 ಸೆಕೆಂಡಿನ ಶಿಫ್ಟ್ ಒಂದೂವರೆ ನಿಮಿಷಕ್ಕೆ ಎಳೆಯುತ್ತದೆ. ಸುಸ್ತಾದವನು ಐಸಿಂಗ್ ಮಾಡಿದನೋ, ಅಂದರೆ ತನ್ನ ಅರ್ಧದಿಂದಲೇ ಪಕ್ ಅನ್ನು ಆ ತುದಿಯ ಗೋಲು ಗೆರೆ ದಾಟುವಂತೆ ಹೊಡೆದನೋ, ಕೆಟ್ಟ. ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ; ಅದೇ ಸೋತ ಕಾಲಿನಲ್ಲಿ ನಮ್ಮ ಗೋಲಿನ ಪಕ್ಕದಲ್ಲಿ ಆಟ ಮತ್ತೆ ಶುರುಮಾಡುವ ಫೇಸ್-ಆಫ್‌ಗೆ ನಿಲ್ಲಬೇಕು.

ಅಕ್ಟೋಬರ್‌ನಲ್ಲಿ ಮಝಿನ್ ಕುತ್ತಿಗೆಗೆ ಪೆಟ್ಟಾಗಿ ಹೊರಗೆ ಹೋದ, ಮತ್ತೆ ಆಡಲೇ ಇಲ್ಲ. ನವೆಂಬರ್‌ನಲ್ಲಿ ಬ್ರೋಡಿ, ಅವನ ಹಿಂದೆಯೇ ಮಂಡಿ ನೋವಿಂದ ರೈಲಿ. ಮೂರನೇ ಜೋಡಿಗೆಂದು ಉಳಿಸಿಕೊಂಡವನು 39ರಲ್ಲಿ ಮೇಲಿನ ಜೋಡಿಯ ಕೆಲಸ ಮಾಡಿದ. ಸೀಸನ್ ಮುಗಿಯುವಾಗ 78 ಪಂದ್ಯ, ಗೋಲು ಮತ್ತು ಅಸಿಸ್ಟ್ ಸೇರಿ 24 ಪಾಯಿಂಟ್, ಪಂದ್ಯಕ್ಕೆ ಹತ್ತೊಂಬತ್ತು ನಿಮಿಷದ ಆಸುಪಾಸು. ಅಷ್ಟೂ ಎಂಟು ಲಕ್ಷಕ್ಕೆ. ಅಗ್ಗಕ್ಕೆ ಸಿಕ್ಕ ಆಟಗಾರನನ್ನು ಕೋಚ್‌ಗಳು ದುಡಿಸುವ ಪರಿಯೇ ಇದು. ಗಾಯಾಳುಗಳು ಮರಳಿದ ಮೇಲಾದರೂ ಜನವರಿ, ಫೆಬ್ರವರಿಯಲ್ಲಿ ವಾರಕ್ಕೊಂದು ಪಂದ್ಯ ಕೂರಿಸಬೇಕಿತ್ತು ಅನ್ನುವುದು ನನ್ನ ತಕರಾರು.

ಏಪ್ರಿಲ್‌ನಲ್ಲಿ ಟ್ಯಾಂಪಾವನ್ನು ಸೋಲಿಸಿ 19 ವರ್ಷದ ಬರ ಮುಗಿಯಿತು. ಮುಂದಿನ ಸುತ್ತಿನಲ್ಲಿ ಫ್ಲಾರಿಡಾ ಐದೇ ಪಂದ್ಯದಲ್ಲಿ ಮನೆಗೆ ಕಳಿಸಿತು. ಜಿಯೋ-ಹಾಲ್ ಜೋಡಿ ಮೈದಾನದಲ್ಲಿದ್ದಾಗ ಮೂಲೆಗಳಲ್ಲಿ ಪಕ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬೈಗುಳವೆಲ್ಲ ಜಸ್ಟಿನ್ ಹಾಲ್ ತಲೆಗೆ ಹೋಯಿತು. ಎಡಗಡೆ ಇದ್ದವನ ಕಾಲು ಆ ಹೊತ್ತಿಗೆ ಸೋತಿದ್ದನ್ನು ಎತ್ತಿ ಆಡಲು ಯಾರಿಗೂ ಮನಸ್ಸಿರಲಿಲ್ಲ. ನನಗೂ.

ಎರಡನೇ ವರ್ಷ 46 ಪಂದ್ಯಕ್ಕೇ ನಿಂತಿತು. 2024ರ ಬೇಸಿಗೆಯಲ್ಲಿ ಲೀಫ್ಸ್ ಅವನನ್ನು ಮತ್ತೆ ಕರೆಯಲಿಲ್ಲ. ಜುಲೈ 1ರಂದು ಕ್ರಿಸ್ ಟಾನೆವ್ ಸಹಿ ಹಾಕಿದ. ಅವನೂ ಟೊರಾಂಟೊದವನೇ, ಅವನೂ ಕ್ಯಾಲ್ಗರಿಯಲ್ಲಿ ಆಡಿದವನೇ, ಅವನೂ ಶಾಟ್‌ಗೆ ಮೈ ಒಡ್ಡುವವನೇ. ಆರು ವರ್ಷ, ವರ್ಷಕ್ಕೆ 45 ಲಕ್ಷ. ಸಹಿ ಹಾಕುವಾಗ ವಯಸ್ಸು 34 ಇದ್ದುದರಿಂದ 35ರ ನಿಯಮ ತಟ್ಟುವುದಿಲ್ಲ. ಒಪ್ಪಂದ ಮುಗಿಯುವಾಗ 40 ಆಗಿರುತ್ತದೆ.